ಚಪ್ಪಲಿ ಕಾಯುವ ನಾಯಿ

ನಮ್ಮ ನಾಯಿ ಬಂದವರನ್ನು ಎಂದೂ ತಡೆದದ್ದಿಲ್ಲ. ಕಳ್ಳ ಬಂದರೂ ಬಾಲ ಅಲ್ಲಾಡಿಸಿ ಒಳಗೆ ಬಿಟ್ಟುಕೊಂಡೀತು. ಅದರ ತಕರಾರೆಲ್ಲ ಹೊರಡುವವರ ಮೇಲೆ. ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗೆ ಯಾರಾದರೂ ಕಾಲು ತೂರಿಸಿದರೆ ಸಾಕು, ಗುರ್ ಎಂದು ಬಂದು ಇನ್ನೊಂದರ ಮೇಲೆ ಕೂತುಬಿಡುತ್ತದೆ. ಎಬ್ಬಿಸಲು ಹೋದ ನನ್ನ ಅಣ್ಣನ ಪ್ಯಾಂಟು ಈಗ ನೆಲ ಒರೆಸುವ ಅರಿವೆಯಾಗಿದೆ. ನಾನು ಕಾಲೇಜಿಗೆ ಪಾಠ ಮಾಡಲು ಹೋಗುವುದು ಹಿತ್ತಲ ಬಾಗಿಲಿಂದ.

ನವನಗರದಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಸಾಮಾನೆಲ್ಲ ಟೆಂಪೋಗೆ ಹೇರಿ, ಇದನ್ನು ಗೇಟಿಗೆ ಕಟ್ಟಿ ಹೋಗಿದ್ದರು. ನೋಡಿ ನನಗೆ ಮೈಯೆಲ್ಲ ಉರಿಯಿತು. ಬಿಚ್ಚಿಕೊಂಡು ಸಪ್ತಾಪುರಕ್ಕೆ, ನನ್ನ ಮನೆಗೆ ತಂದೆ. ಅದು ಬಾಡಿಗೆ ಮನೆ ಎಂಬುದು ಆಗ ನೆನಪಾಗಲಿಲ್ಲ.

ಮಾಲೀಕರು ಅದೇ ಕಂಪೌಂಡಿನಲ್ಲಿ, ಪಕ್ಕದ ಮನೆಯಲ್ಲಿದ್ದಾರೆ. ಮಿಷನ್ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಬುಧವಾರ ಸಂಜೆ ಅವರಲ್ಲಿ ಪ್ರಾರ್ಥನಾ ಕೂಟ. ಒಂದು ಬುಧವಾರ ಕೂಟ ಮುಗಿದರೂ ಯಾರೂ ಮನೆಗೆ ಹೋಗಲಿಲ್ಲ. ಹೊರಗೆ ಚಪ್ಪಲಿಗಳ ರಾಶಿಯ ಮೇಲೆ ನಮ್ಮ ನಾಯಿ ಮಲಗಿತ್ತು. ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಬಂದವರು ಇನ್ನಷ್ಟು ಹಾಡು ಹಾಡಿದ್ದರು, ಮಾಲೀಕರ ಮನೆಯ ಅವಲಕ್ಕಿ ಪೂರ್ತಿ ಖಾಲಿಯಾಗಿತ್ತು.

ಮಾಲೀಕರು ಬೈಯಲಿಲ್ಲ. "ಮುಂದಿನ ಬುಧವಾರದೊಳಗ ಬ್ಯಾರೆ ಮನಿ ನೋಡ್ರಿ ಮೇಡಂ. ನಿಮಗಲ್ಲ, ನಾಯಿಗೆ," ಎಂದರು.

ಊರಾಚೆ ತೋಟವಿರುವ ಸಹೋದ್ಯೋಗಿಯೊಬ್ಬರು ಒಪ್ಪಿಕೊಂಡರು. ಮಂಗಳವಾರ ಆಟೋದಲ್ಲಿ ಕರೆದೊಯ್ದೆ. ಅವರಲ್ಲಿ ಚಹಾ ಕುಡಿದು ಹೊರಗೆ ಬಂದು, ಇನ್ನೇನು ರಂಪ ಮಾಡುತ್ತದೆ ಎಂದು ಗಟ್ಟಿ ಮನಸ್ಸು ಮಾಡಿಯೇ ಚಪ್ಪಲಿಗೆ ಕಾಲು ಹಾಕಿದೆ. ಅದು ಗುರ್ ಎನ್ನಲಿಲ್ಲ. ತಾನಾಗಿಯೇ ಎದ್ದು ಹೋಗಿ ಗೇಟಿನ ಪಕ್ಕ ಕೂತಿತು, ಕಟ್ಟಿಸಿಕೊಳ್ಳಲು ಕುತ್ತಿಗೆ ಮುಂದೆ ಮಾಡಿ.

ಸಹೋದ್ಯೋಗಿಗೆ ಏನು ಹೇಳಿದೆನೋ ನೆನಪಿಲ್ಲ. ಕಾಯುತ್ತಿದ್ದ ಅದೇ ಆಟೋದಲ್ಲಿ ಇಬ್ಬರೂ ವಾಪಸ್ಸು ಬಂದೆವು.

ಮಾಲೀಕರಿಗೆ ನಡೆದದ್ದೆಲ್ಲ ಹೇಳಿ, ನಾನೇ ಮನೆ ಬಿಡುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು, ಮತ್ತೆ ತೆಗೆದು ಒರೆಸಿದರು. ಒಳಗೆ ಹೋದರು.

ಮರುದಿನ ಕೂಟಕ್ಕೆ ಬಂದವರೆಲ್ಲ ಚಪ್ಪಲಿಯನ್ನು ಒಳಗೆ ಒಯ್ದು ಮಂಚದ ಕೆಳಗಿಟ್ಟರು. ಹಾಗೆ ಮಾಡಿರೆಂದು ಮಾಲೀಕರೇ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು. ಕೂಟ ಮುಗಿದ ಮೇಲೆ ಗಂಡಸರು ಚಪ್ಪಲಿಯನ್ನು ಕಂಕುಳಲ್ಲಿ, ಹೆಂಗಸರು ಸೆರಗಿನ ಮರೆಯಲ್ಲಿ ಹಿಡಿದು, ಬರಿಗಾಲಲ್ಲಿ ಒಬ್ಬೊಬ್ಬರಾಗಿ ಗೇಟು ದಾಟಿದರು. ಗೋಡೆಯಾಚೆ ಹೋಗಿ ಹಾಕಿಕೊಂಡರು. ಬರಿಗಾಲಿನವರೆಲ್ಲ ಮನೆಯಲ್ಲೇ ಇರುವವರು ಎಂದು ನಾಯಿಯ ಲೆಕ್ಕ. ಎಲ್ಲರಿಗೂ ಬಾಲ ಅಲ್ಲಾಡಿಸಿ, ಖಾಲಿ ಮೆಟ್ಟಿಲ ಮೇಲೆ ನೆಮ್ಮದಿಯಿಂದ ಮಲಗಿತು.

ಕೊನೆಯವರನ್ನು ಕಳಿಸಿ ಬಂದ ಮಾಲೀಕರು ನನ್ನ ಹತ್ತಿರ ಬಗ್ಗಿ, ಸಣ್ಣ ದನಿಯಲ್ಲಿ ಅಂದರು:

"ಎಲ್ಲಾರೂ ಹೋದ್ರಂತ ಅದಕ್ಕ ಹೇಳಬ್ಯಾಡ್ರಿ."