ಒಳಬದಿ ನೋಡುವ ಟೈಲರ್

ಗಲ್ಫಿನಲ್ಲಿ, ಅಲ್ ಖುವೈರಿನ ನಮ್ಮ ಫ್ಲ್ಯಾಟಿನ ಕೆಳಗೆ ಒಬ್ಬ ಬ್ಯಾರಿ ಟೈಲರ್ ಇದ್ದರು. ಯಾವ ಬಟ್ಟೆ ಕೊಟ್ಟರೂ ಮೊದಲು ಮಗುಚಿ ನೋಡಿ, "ಒಳಬದಿ ಸುಳ್ಳು ಹೇಳುದಿಲ್ಲ, ಬಾಯಮ್ಮ" ಎನ್ನುತ್ತಿದ್ದರು.

ಮೊಮ್ಮಗಳ ಮದುವೆ ಗೌನಿನ ಅಳತೆಗೆ ಅವರು ನಮ್ಮ ಮನೆಗೆ ಬಂದ ದಿನ, ಅವಳಿಗೆ ಪ್ರೆಸೆಂಟ್ ಕೊಡಲು ನಾನು ತೆಗೆದಿಟ್ಟಿದ್ದ ಚಿತ್ರ ಅವರ ಕಣ್ಣಿಗೆ ಬಿತ್ತು. ಕಾನ್ವೆಂಟಿನ ಸ್ಪ್ಯಾನಿಷ್ ಸಿಸ್ಟರ್ ನನಗೆ ಕೊಟ್ಟದ್ದು. ಗೂಳಿಕಾಳಗದವನ ಮನೆ, ಕಿಟಕಿಯ ಬಳಿ ಹೆಂಡತಿ ಅವನ ಜರಿಯ ಷರಾಯಿ ಹೊಲಿಯುತ್ತಿದ್ದಾಳೆ. ಹೊಸ ಉಡುಪೆಂದೇ ನಾನು ಇಷ್ಟು ವರ್ಷ ನಂಬಿದ್ದೆ. ವೆರಿ ರೊಮ್ಯಾಂಟಿಕ್.

ಟೈಲರ್ ಕನ್ನಡಕ ಏರಿಸಿದರು. "ಹೊಸತಲ್ಲ, ರಿಪೇರಿ. ತೊಡೆಯಲ್ಲಿ ಹರಿದಿದೆ. ಗೂಳಿ ತಿವಿದದ್ದು. ಇಲ್ಲಿಯ ಬರ್ಕಾ ಊರಿನ ಕಾಳಗದಲ್ಲಾದರೆ ಗೂಳಿ ಗೂಳಿಗೇ ಗುದ್ದುದು, ಮನುಷ್ಯ ಹಗ್ಗ ಹಿಡಿದು ದೂರ ನಿಲ್ಲುದು."

ನನಗೆ ಅಪಶಕುನವೆನಿಸಿತು. "ಹಾಗಾದರೆ ಮದುವೆಗೆ ಕೊಡುವುದು ಬೇಡವಾ?"

ಅವರು ಮೂಗು ತಾಗುವಷ್ಟು ಬಗ್ಗಿದರು. "ಕೊಡಿ. ನೂಲು ಡಬಲ್ ಹಾಕಿದ್ದಾಳೆ. ಗಂಡ ವಾಪಸ್ ಬರಲೇಬೇಕು ಅಂತ ಇದ್ದರಲ್ವಾ ಡಬಲ್ ಹಾಕುದು?"

ಕೊಟ್ಟೆ. ಟೈಲರ್ ಆಮೇಲೆ ಗೌನು ಹೊಲಿದುಕೊಟ್ಟು ಊರಿಗೆ ಹೋದರು. ಮೊನ್ನೆ ಮೊಮ್ಮಗಳ ಕಪಾಟಿನಲ್ಲಿ ಆ ಗೌನನ್ನು ಮಗುಚಿ ನೋಡಿದೆ. ಒಳಗೆಲ್ಲ ಡಬಲ್ ನೂಲು.