ಕೊಬ್ಬರಿ ಅಟ್ಟದ ರೈಲು

ನಾನು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವನು. ತಿಪಟೂರು, ತುರುವೇಕೆರೆ, ಮಾಯಸಂದ್ರ, ದಬ್ಬೇಘಟ್ಟ, ಚಿಕ್ಕನಾಯಕನಹಳ್ಳಿ, ಹೀಗೆ ತೆಂಗಿನ ತೋಟಗಳ ನಡುವಿನ ರಸ್ತೆಗಳಲ್ಲೇ ನನ್ನ ಸರ್ವೀಸು ಪೂರಾ ಕಳೆಯಿತು. ರೈಲಿಗೂ ನನಗೂ ಇದ್ದ ನಂಟು ಎಂದರೆ ಗೇಟು ಹಾಕಿದಾಗ ಕಾಯುವುದು, ಅಷ್ಟೇ.

ಗೇಟು ಬಿದ್ದರೆ ಬಸ್ಸಿನಲ್ಲಿದ್ದವರೆಲ್ಲ ಗೊಣಗುತ್ತಿದ್ದರು. ನನಗೆ ಮಾತ್ರ ಒಳಗೊಳಗೇ ಖುಷಿ. ಎಂಜಿನ್ ಆಫ್ ಮಾಡಿ ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಕೂತಿದ್ದರೆ, ರೈಲು ಕಣ್ಣಿಗೆ ಬೀಳುವ ಮೊದಲೇ ಅಂಗೈಯಲ್ಲಿ ಸಣ್ಣದೊಂದು ನಡುಕ ಹುಟ್ಟುತ್ತಿತ್ತು. ಆಮೇಲೆ ತೋಟದ ಮರೆಯಿಂದ ಎಂಜಿನ್ನು ಹೊರಬರುತ್ತಿತ್ತು. ಅದರ ಹಿಂದೆ ಡಬ್ಬಿ, ಇನ್ನೊಂದು ಡಬ್ಬಿ, ಮತ್ತೊಂದು. ಅಲ್ಲೊಂದು ತಿರುವಿತ್ತು. ಅಷ್ಟುದ್ದದ ಗಾಡಿ ಆ ತಿರುವಿನಲ್ಲಿ ಬಾಗಿ ಹೋಗುವುದನ್ನು ನೋಡುವಾಗಲೆಲ್ಲ ನನಗೆ ಒಂದೇ ಬೆರಗು. ಅದಕ್ಕೆ ಸ್ಟೀರಿಂಗೇ ಇಲ್ಲವಲ್ಲ! ಒಂದು ಬಸ್ಸನ್ನು ದನ, ಸೈಕಲ್ಲು, ಹೊಂಡ ತಪ್ಪಿಸಿ ದಾಟಿಸುವುದಕ್ಕೆ ನನ್ನ ಎರಡೂ ತೋಳು ಸಂಜೆಯ ಹೊತ್ತಿಗೆ ಸೋತು ಹೋಗುತ್ತಿದ್ದವು. ಅಲ್ಲಿ ಯಾರೂ ತಿರುಗಿಸದೆ ಅದು ತಿರುಗುತ್ತಿತ್ತು.

ನನ್ನ ಜೊತೆ ಬಹಳ ವರ್ಷ ಕಂಡಕ್ಟರ್ ಆಗಿದ್ದವನು ನನ್ನ ವಾರಿಗೆಯವನೇ. ಬಾಯಿ ಮುಚ್ಚಿದ್ದನ್ನು ನಾನು ಕಂಡಿಲ್ಲ. "ಏನ್ಲಾ, ದಿನಾ ನೋಡೋ ರೈಲ್ನ ಹೆಣ್ ನೋಡಕ್ ಬಂದೋನಂಗ್ ನೋಡ್ತೀಯಲ್ಲ, ಗೇಟ್ ತೆಗ್ದು ಆಗ್ಲೇ ಎಷ್ಟೊತ್ತಾಯ್ತು, ರೈಟ್ ರೈಟ್" ಎಂದು ಸೀಟಿ ಊದಿ ನನ್ನನ್ನು ಎಬ್ಬಿಸುತ್ತಿದ್ದ.

ರಿಟೈರಾದ ಮೇಲೆ ಒಮ್ಮೆ ಮೈಸೂರಿಗೆ, ಮಗಳ ಮನೆಗೆ ಹೋಗಿದ್ದೆವು. ಪಕ್ಕದ ಮನೆಯಲ್ಲಿ ರೈಲ್ವೆಯಲ್ಲೇ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರಿದ್ದರು. ಕಾಫಿಗೆ ಕರೆದು ತಮ್ಮ ಮಹಡಿಯ ಕೋಣೆ ತೋರಿಸಿದರು. ಕೋಣೆಯ ತುಂಬ ಒಂದು ಮೇಜು, ಮೇಜಿನ ತುಂಬ ಗುಡ್ಡ, ಸೇತುವೆ, ಸ್ಟೇಷನ್ನು. ಒಂದು ಗೇಣುದ್ದದ ಎಂಜಿನ್ನು ಐದಾರು ಡಬ್ಬಿ ಎಳೆದುಕೊಂಡು ಗುಡ್ಡದೊಳಗೆ ಹೊಕ್ಕು ಆ ಕಡೆ ಹೊರಬಂತು. ಮಗಳು ಊಟಕ್ಕೆ ಕರೆಯಲು ಬರುವ ತನಕ ನಾನು ಅಲ್ಲಿಂದ ಕದಲಲಿಲ್ಲ. ಊರಿಗೆ ಬಂದು ಅವರು ಹೇಳಿದ ಕಡೆಯಿಂದಲೇ ಒಂದು ಎಂಜಿನ್ನು, ನಾಲ್ಕು ಡಬ್ಬಿ, ಕಂಬಿಗಳು, ಒಂದು ಕಂಟ್ರೋಲರ್ ತರಿಸಿದೆ.

ಪೆಟ್ಟಿಗೆ ಬಿಚ್ಚಿದಾಗ ನನ್ನಾಕೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಬಸ್ ಓಡ್ಸಿದ್ದು ಸಾಲ್ದಾಗಿತ್ತೇನ್ರೀ?"

"ಇದು ಓಡ್ಸೋದಲ್ಲ ಕಣೇ, ಓಡೋದ್ನ ನೋಡೋದು" ಎಂದೆ.

ಜಾಗಕ್ಕೇನೂ ಕೊರತೆ ಇರಲಿಲ್ಲ. ನಮ್ಮದು ತಿಪಟೂರಿನ ಪಕ್ಕದ ಹಳ್ಳಿ. ಹಳೆಯ ಮನೆ, ಮೇಲೆ ಕೊಬ್ಬರಿ ಅಟ್ಟ. ಗಾಳಿಯಾಡಲೆಂದು ಸಂದು ಬಿಟ್ಟು ಅಡಿಕೆ ಮರದ ಸೀಳು ದಬ್ಬೆ ಹೊಡೆದ ನೆಲ. ನಮ್ಮಪ್ಪನ ಕಾಲದಲ್ಲಿ ಆ ದಬ್ಬೆಯ ಮೇಲೆ ಕಾಯಿಗಳು ವರ್ಷವಿಡೀ ಕೂತು ಒಳಗೊಳಗೇ ಒಣಗಿ ಉಂಡೆ ಕೊಬ್ಬರಿಯಾಗುತ್ತಿದ್ದವು. ಈಗ ನಾವು ಎಳನೀರನ್ನೇ ಹೆಚ್ಚು ಕೀಳಿಸುವುದು. ಅಟ್ಟದ ಅರ್ಧ ಖಾಲಿ. ಆ ಅರ್ಧಕ್ಕೆ ಪ್ಲೈವುಡ್ ಹಲಗೆ ಹಾಸಿ, ಕೆಳಗೆ ಮಲಗಿ ಕೆಲಸ ಮಾಡುವಷ್ಟು ಎತ್ತರಕ್ಕೆ ಕಾಲು ಕೊಟ್ಟೆ. ಬಸ್ಸಿನ ಕೆಳಗೆ ಮಲಗಿ ಅಭ್ಯಾಸವಿದ್ದವನಿಗೆ ಅದೇನೂ ಕಷ್ಟವಲ್ಲ.

ಯಾವ ಲೈನು ಮಾಡಬೇಕೆಂದು ನಾನು ಯೋಚಿಸಲೇ ಇಲ್ಲ. ತುರುವೇಕೆರೆಗೆ ರೈಲಿಲ್ಲ. ರೈಲು ಬೇಕೆಂದರೆ ಬಾಣಸಂದ್ರಕ್ಕೋ ತಿಪಟೂರಿಗೋ ಬಸ್ಸಿನಲ್ಲಿ ಬರಬೇಕು. ಹಾಗೆ ಬಂದವರನ್ನು ಎಷ್ಟು ಸಾವಿರ ಸಲ ನಾನೇ ಕರೆತಂದಿದ್ದೇನೋ. ನನ್ನ ಅಟ್ಟದಲ್ಲಿ ತಿಪಟೂರಿನಿಂದ ತುರುವೇಕೆರೆಗೆ ಲೈನು ಬಿತ್ತು. ಕಂಡಕ್ಟರಿಗೆ ಫೋನಿನಲ್ಲಿ ಹೇಳಿದರೆ, "ಸರ್ಕಾರ ಹಾಕ್ದೇ ಇದ್ದ ಲೈನ್ನ ನೀನ್ ಹಾಕ್ಬುಟ್ಯಲ್ಲಾ! ಟಿಕೆಟ್ ಕೊಡಕ್ ನಾನ್ ಬತ್ತೀನಿ ಬುಡು" ಎಂದು ನಕ್ಕ. ಆದರೆ ಅವನು ಬರುವಂತಿರಲಿಲ್ಲ. ಎರಡೂ ಮಂಡಿಗೆ ಆಪರೇಷನ್ನಾಗಿ ಮನೆಯಲ್ಲೇ ಇದ್ದ.

ಮೊದಮೊದಲು ನನ್ನಾಕೆ ಅಗಲ ಮೆಟ್ಟಿಲಿನ ಮರದ ಏಣಿ ಹತ್ತಿ ಬರುತ್ತಿದ್ದುದು ಕಾಫಿ ಕೊಡಲಿಕ್ಕೆ. ಒಂದು ದಿನ ನಾನು ಹಸಿರು ಕಾಗದ ಕತ್ತರಿಸಿ ತೆಂಗಿನ ಮರ ಮಾಡಲು ಒದ್ದಾಡುತ್ತಿದ್ದೆ. ಸ್ವಲ್ಪ ಹೊತ್ತು ನೋಡಿದಳು. "ಇದು ತೆಂಗಿನ್ ಮರಾನಾ? ಬಾಳೆ ಗಿಡಕ್ಕೆ ರೋಗ ಬಂದಂಗೈತೆ" ಎಂದು ಕೆಳಗಿಳಿದು ಹೋದಳು. ಮಧ್ಯಾಹ್ನ ತೋಟದಿಂದ ಒಂದು ಹಿಡಿ ನವಿಲುಗರಿ ಆರಿಸಿ ತಂದಳು. ನಮ್ಮ ತೋಟಕ್ಕೆ ನವಿಲುಗಳು ಬಂದು ಗರಿ ಉದುರಿಸಿ ಹೋಗುತ್ತವೆ. ಕಣ್ಣಿರುವ ಗರಿಯಲ್ಲ, ಬಾಲದ ಅಂಚಿನಲ್ಲಿ ಬಾಚಣಿಗೆಯ ಹಾಗೆ ಒಂದೇ ಪಕ್ಕಕ್ಕೆ ಎಳೆ ಇರುತ್ತದಲ್ಲ, ಆ ಗರಿ. ಅದನ್ನು ತುಂಡು ತುಂಡು ಮಾಡಿ, ಪೊರಕೆ ಕಡ್ಡಿಗಳಿಗೆ ನಾರು ಸುತ್ತಿ ಮಾಡಿದ ಬೊಡ್ಡೆಯ ತುದಿಗೆ ಸಿಕ್ಕಿಸಿದಳು. ಹಲಗೆಯ ಮೇಲೆ ನಿಲ್ಲಿಸಿದಾಗ ಅಟ್ಟದ ಗೂಡುಕಿಟಕಿಯಿಂದ ಗಾಳಿ ಬೀಸಿತು. ಆ ಪುಟ್ಟ ಗರಿಗಳು ಹೊರಗೆ ತೋಟದಲ್ಲಿ ಆಡುವಂತೆಯೇ ಆಡಿದವು. ಅವತ್ತಿನಿಂದ ಮರಗಳ ಕೆಲಸ ಅವಳದಾಯಿತು. ಕಂಬಿಯ ಕೆಳಗೆ ಜಲ್ಲಿಯ ಬದಲು ಜರಡಿ ಹಿಡಿದ ನಾರಿನ ಪುಡಿ ಹಾಕಬಹುದೆಂದು ಹೊಳೆದದ್ದೂ ಅವಳಿಗೇ.

ಪೇಚಿಗೆ ಸಿಕ್ಕಿಕೊಂಡದ್ದು ವೈರಿಂಗಿನಲ್ಲಿ. ಈ ರೈಲು ಓಡುವುದು ಕಂಬಿಯಲ್ಲೇ ಹರಿಯುವ ಕರೆಂಟಿನಿಂದ. ಒಂದು ಕಂಬಿ ಪ್ಲಸ್ಸು, ಇನ್ನೊಂದು ಮೈನಸ್ಸು. ಎಂಜಿನ್ನಿನ ಒಂದು ಪಕ್ಕದ ಚಕ್ರ ಅದನ್ನು ಮುಟ್ಟಿ, ಇನ್ನೊಂದು ಪಕ್ಕದ್ದು ಇದನ್ನು ಮುಟ್ಟಿ, ನಡುವೆ ಮೋಟಾರು ತಿರುಗುತ್ತದೆ. ಅಷ್ಟು ನನಗೆ ತಿಳಿದಿತ್ತು. ತಿಪಟೂರಿನಿಂದ ಹೊರಟ ರೈಲು ಸಲೀಸಾಗಿ ತುರುವೇಕೆರೆಗೆ ಹೋಯಿತು. ಆದರೆ ವಾಪಸು ಬರಬೇಕಾದರೆ ಹಿಂದುಹಿಂದಾಗಿಯೇ ಬರಬೇಕು. ಜೀವಮಾನವೆಲ್ಲ ಬಸ್ ನಿಲ್ದಾಣಗಳಲ್ಲಿ ರಿವರ್ಸ್ ಹಾಕಿ ಸಾಕಾಗಿದ್ದವನು ನಾನು. ಅದಕ್ಕೇ ತುರುವೇಕೆರೆಯಲ್ಲಿ ಒಂದು ಕೆರೆ ಮಾಡಿದೆ. ಹಳೆಯ ಕಿಟಕಿ ಗಾಜಿನ ಹಿಂಬದಿಗೆ ನೀಲಿ ಬಳಿದರೆ ಕೆರೆ ಆಯಿತು. ಲೈನು ಆ ಕೆರೆಯನ್ನು ಒಂದು ಸುತ್ತು ಹಾಕಿ ಮತ್ತೆ ಅದೇ ಲೈನಿಗೆ ಬಂದು ಸೇರಬೇಕು, ರೈಲು ಮುಖ ಮುಂದೆ ಮಾಡಿಕೊಂಡೇ ತಿಪಟೂರಿಗೆ ಮರಳಬೇಕು. ಇಷ್ಟೇ ನನ್ನ ಲೆಕ್ಕ.

ಸುತ್ತಿನ ಕೊನೆಯ ಕಂಬಿ ಕೂಡಿಸಿ ಕಂಟ್ರೋಲರ್ ತಿರುಗಿಸಿದೆ. ಎಲ್ಲ ಸತ್ತು ಹೋಯಿತು. ಕಂಟ್ರೋಲರಿನ ಮೇಲೆ ಒಂದು ಕೆಂಪು ದೀಪ ಹತ್ತಿಕೊಂಡಿತು. ಆ ಒಂದು ಕಂಬಿ ತೆಗೆದರೆ ರೈಲಿಗೆ ಜೀವ ಬರುತ್ತದೆ, ಕೂಡಿಸಿದರೆ ಸಾಯುತ್ತದೆ. ಬೆಸುಗೆ ಎಲ್ಲ ಬಿಚ್ಚಿ ಮತ್ತೆ ಹಾಕಿದೆ. ವೈರು ಬದಲಾಯಿಸಿದೆ. ಹಲಗೆಯ ಕೆಳಗೆ ಮಲಗಿ ಮಲಗಿ ಕತ್ತು ಹಿಡಿದುಕೊಂಡಿತು. ಕೊನೆಗೆ ಮೈಸೂರಿನ ಹಿರಿಯರಿಗೆ ಫೋನು ಮಾಡಿದೆ. ಮಾತು ಸರಿಯಾಗಿ ಕೇಳಲೆಂದು ಸ್ಪೀಕರ್ ಹಾಕಿದ್ದೆ.

"ಅದು ಎಲ್ಲರಿಗೂ ಆಗುತ್ತೆ" ಎಂದರು ಅವರು ನಗುತ್ತಾ. "ಸುತ್ತು ಹಾಕಿ ಬರೋವಾಗ ಎಡಗಡೆ ಕಂಬಿ ಬಲಗಡೆ ಆಗಿಬಿಡುತ್ತೆ. ಪ್ಲಸ್ ಹೋಗಿ ಮೈನಸ್ ಮುಟ್ಟುತ್ತೆ."

"ಎಡಗಡೇದು ಎಡಗಡೇನೇ ಇದೆ ಸಾರ್. ನಾನೇ ಕೈಯಾರ ಹಾಕಿದ್ದೀನಿ. ಎಲ್ಲೂ ದಾಟಿಸಿಲ್ಲ."

"ನೀವು ದಾಟಿಸೋದು ಬೇಡ. ಅದೇ ದಾಟುತ್ತೆ" ಎಂದರು.

ಏನು ಮಾಡಬೇಕೆಂದೂ ಹೇಳಿದರು. ಸುತ್ತಿನ ಎರಡೂ ತುದಿಯಲ್ಲಿ ಕಂಬಿ ಕತ್ತರಿಸಿ ಬೇರೆ ಮಾಡಬೇಕು, ಒಂದು ಸ್ವಿಚ್ಚು ಹಾಕಬೇಕು, ಹೀಗೆ. ನನಗೆ ಒಂದೂ ತಲೆಗೆ ಹೋಗಲಿಲ್ಲ. ದಾರಿಯ ಎಡಬದಿ ಅದು ಹೇಗೆ ತಾನಾಗಿ ಬಲಬದಿಯಾಗುತ್ತದೆ? ಎಷ್ಟು ವರ್ಷ ರಸ್ತೆಯ ಎಡಬದಿಯಲ್ಲೇ ಬಸ್ಸು ಓಡಿಸಿದವನು ನಾನು!

ನನ್ನಾಕೆ ಅಲ್ಲೇ ಮರಕ್ಕೆ ನಾರು ಸುತ್ತುತ್ತಾ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಕೆಳಗೆ ಹೋಗಿ ಉಲ್ಲನ್ನಿನ ಎರಡು ಉಂಡೆ ತಂದಳು, ಒಂದು ಹಳದಿ, ಒಂದು ಕೆಂಪು. ತಿಪಟೂರು ಸ್ಟೇಷನ್ನಿನಿಂದ ಶುರು ಮಾಡಿ ಎಡಗಂಬಿಯ ಮೇಲೆ ಹಳದಿ ಎಳೆ, ಬಲಗಂಬಿಯ ಮೇಲೆ ಕೆಂಪು ಎಳೆ ಹಾಸುತ್ತಾ ಹೊರಟಳು. ತೋಟ ದಾಟಿದಳು. ಕೆರೆಯ ಸುತ್ತ ಬಗ್ಗಿ ಬಗ್ಗಿ ಬಂದಳು. ಸುತ್ತು ಮುಗಿದು ಹಳೆಯ ಲೈನಿಗೆ ಸೇರುವಲ್ಲಿ ಅವಳ ಕೈ ನಿಂತಿತು.

"ಇಲ್ನೋಡ್ರೀ" ಎಂದಳು.

ಅವಳ ಕೈಯಲ್ಲಿದ್ದ ಹಳದಿ ಎಳೆಯ ತುದಿ, ಆಗಲೇ ಹಾಸಿದ್ದ ಕೆಂಪು ಎಳೆಯ ಮೇಲೆ ಬಂದು ಕೂತಿತ್ತು. ಕೆಂಪು ಹೋಗಿ ಹಳದಿಯ ಮೇಲೆ. ಎಲ್ಲಿಯೂ ಒಂದನ್ನೊಂದು ದಾಟಿರಲಿಲ್ಲ. ನಾನು ನಂಬದೆ ಬೆರಳಿಟ್ಟು ಹಳದಿಯನ್ನೇ ಹಿಡಿದು ಪೂರಾ ಸುತ್ತು ಹೋಗಿ ಬಂದೆ. ಬೆರಳು ಕೆಂಪಿಗೆ ತಾಗಿತು. ಇನ್ನೊಂದು ಸಲ ಹೋದೆ. ಮತ್ತೆ ಅದೇ.

ಮುಂದಕ್ಕೇ ನಡೆದು, ಎಲ್ಲೂ ದಾರಿ ಬಿಡದೆ, ಮನೆಗೆ ಮರಳಿದವನಿಗೆ ಎಡಗೈ ಕಡೆಯ ತೋಟ ಬಲಗೈ ಕಡೆಗೆ ಬಂದಿರುತ್ತದೆ. ಇದು ಮಗುವಿಗೂ ಗೊತ್ತಿರುವುದೇ. ದಿನಕ್ಕೆ ಎಷ್ಟೋ ಸಲ ತುರುವೇಕೆರೆಗೆ ಹೋಗಿ ಬರುತ್ತಿದ್ದ ನನ್ನ ಕಣ್ಣೆದುರೇ ಅದು ನಡೆಯುತ್ತಿತ್ತು. ಆದರೆ ಎರಡು ಉಲ್ಲನ್ ಎಳೆಯಲ್ಲಿ ಅದನ್ನು ಕಂಡ ಆ ಗಳಿಗೆಯಲ್ಲಿ, ಪ್ರಪಂಚದ ಒಳಹೊಲಿಗೆ ಯಾರೋ ಒಂದಿಷ್ಟು ಬಿಚ್ಚಿ ತೋರಿಸಿದಂತಾಯಿತು. ನನ್ನಾಕೆಯೂ ಎಳೆಯ ತುದಿ ಹಿಡಿದುಕೊಂಡೇ ಕೂತಿದ್ದಳು. ಒಲೆಯ ಮೇಲಿಟ್ಟ ಹಾಲು ಉಕ್ಕಿದ್ದು ಇಬ್ಬರಿಗೂ ತಿಳಿಯಲಿಲ್ಲ.

ಅದಾದ ಮೇಲೆ ಹಿರಿಯರ ಮಾತು ತಾನಾಗಿ ಅರ್ಥವಾಯಿತು. ಸುತ್ತಿನ ಕಂಬಿಗಳನ್ನು ಎರಡೂ ಕಡೆ ಕೂದಲೆಳೆಯಷ್ಟು ಕತ್ತರಿಸಿ ನಡುವೆ ಪ್ಲಾಸ್ಟಿಕ್ ಇಟ್ಟೆ. ರೈಲು ಕೆರೆ ಸುತ್ತುತ್ತಿರುವಾಗ, ಅದು ಬಿಟ್ಟು ಬಂದ ಲೈನಿನ ಪ್ಲಸ್ಸು ಮೈನಸ್ಸು ಅದಲು ಬದಲಾಗುವಂತೆ ವೈರು ಕೂಡಿಸುವ ಆರು ಕಾಲಿನ ಒಂದು ಸ್ವಿಚ್ಚು ಕೂಡಿಸಿದೆ. ಅಂದರೆ ರೈಲು ಹಿಂತಿರುಗುವಷ್ಟರಲ್ಲಿ ಅದರ ಮುಂದಿನ ದಾರಿಯೇ ಬದಲಾಗಿರಬೇಕು.

ರೈಲನ್ನು ಮೊದಲ ಸಲ ಕೆರೆ ಸುತ್ತಿಸಿ ನೋಡುವ ದಿನ ಕಂಡಕ್ಟರ್ ಬಂದಿದ್ದ. ಆಪರೇಷನ್ ಆದ ಮೇಲೆ ಮೊದಲ ಸಲ, ಮಗನ ಕಾರಿನಲ್ಲಿ, ಕೋಲೂರಿಕೊಂಡು. ಏಣಿ ಹತ್ತುವ ಮಾತೇ ಇರಲಿಲ್ಲ. ಪಡಸಾಲೆಯಲ್ಲಿ ಕುರ್ಚಿ ಹಾಕಿ ಕೂರಿಸಿದೆವು, ತಲೆಯ ಮೇಲೆ ಅಟ್ಟದ ದಬ್ಬೆ. "ನೀನ್ ಹೋಗ್ಲಾ, ನಾನಿಲ್ಲೇ ಕೂತ್ ಕೇಳ್ತೀನಿ" ಎಂದ.

ನಾನು ಕಂಟ್ರೋಲರ್ ಹಿಡಿದೆ. ನನ್ನಾಕೆ ಸ್ವಿಚ್ಚಿನ ಬಳಿ ನಿಂತಳು. ರೈಲು ಹೊರಟಿತು. ಹಲಗೆಯ ಮೇಲಿನ ಆ ಸಣ್ಣ ಸದ್ದು ದಬ್ಬೆಗೆ ಇಳಿದು ಕೆಳಗೆ ಚೆನ್ನಾಗಿ ಕೇಳುತ್ತಿತ್ತೆಂದು ಕಾಣುತ್ತದೆ.

"ಹೊಂಟ್ತು!" ಎಂದು ಕೆಳಗಿನಿಂದ ಅವನ ಕೂಗು. "ನನ್ ನೆತ್ತಿ ಮೇಲೈತೆ ಈಗ... ಹೋಯ್ತು, ಹೋಯ್ತು, ಅಡಿಗೆಮನೆ ಕಡಿಕ್ ಹೋಯ್ತು ಕಣ್ಲಾ!"

ಎಂಜಿನ್ನು ಕೆರೆಯ ಸುತ್ತಿಗೆ ಹೊಕ್ಕಿತು. ಗಾಜಿನ ನೀರಿನಲ್ಲಿ ಅದರ ನೆರಳು ತಲೆಕೆಳಗಾಗಿ ಓಡಿತು. ಕೊನೆಯ ಡಬ್ಬಿಯೂ ಒಳಗೆ ಬಂದ ಮೇಲೆ ನನ್ನಾಕೆಗೆ ತಲೆಯಾಡಿಸಿದೆ. ಮೊದಲು ಕಂಬಿಯ ದಾರಿ ಬದಲಿಸುವ ಪಾಯಿಂಟು, ಆಮೇಲೆ ಸ್ವಿಚ್ಚು. ಟಕ್ ಎಂದಿತು. ರೈಲು ನಿಲ್ಲಲಿಲ್ಲ. ಒಂದಿಷ್ಟೂ ತಡವರಿಸಲಿಲ್ಲ. ಕತ್ತರಿಸಿದ ಜಾಗದ ಮೇಲೆ ಅದರ ಚಕ್ರಗಳು ಒಂದೊಂದಾಗಿ ದಾಟಿದವು. ತಾನು ಬಂದ ದಾರಿಯೆಲ್ಲ ತಿರುವುಮುರುವಾಗಿದೆಯೆಂದು ಆ ಎಂಜಿನ್ನಿಗೆ ಗೊತ್ತೇ ಇರಲಿಲ್ಲ. ಮುಖ ಮುಂದಿಟ್ಟುಕೊಂಡು, ಸ್ಟೀರಿಂಗ್ ಇಲ್ಲದೆ, ನವಿಲುಗರಿಯ ತೋಟದೊಳಗಿಂದ ನನ್ನ ಕಡೆಗೆ ಬಂತು.

ಕೆಳಗಿನಿಂದ ಕಂಡಕ್ಟರ್ ಮೆಲ್ಲಗೆ, "ಇದೇನ್ಲಾ ಇದು... ವಾಪಸ್ ಬತ್ತಾ ಐತಲ್ಲ" ಎಂದ. ಆಮೇಲೆ ಪೂರಾ ಸುಮ್ಮನಾದ. ನಮ್ಮಿಬ್ಬರ ಸರ್ವೀಸಿನಲ್ಲಿ ಅಷ್ಟು ಹೊತ್ತು ಅವನು ಸುಮ್ಮನಿದ್ದದ್ದಿಲ್ಲ. ನನಗೆ ಹೆದರಿಕೆಯಾಗಿ ಏಣಿಯ ಬಾಯಿಗೆ ಬಂದು ಬಗ್ಗಿದೆ. ಅವನು ಕೋಲು ಗೋಡೆಗೆ ಒರಗಿಸಿ, ಏಣಿಗೆ ಬೆನ್ನು ಮಾಡಿ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದ.

"ಏನ್ ಮಾಡ್ತಿದ್ದೀಯ್ಲಾ? ಡಾಕ್ಟ್ರು ಬೈತಾರೆ!"

"ಡಾಕ್ಟ್ರು ಹತ್ಬ್ಯಾಡ ಅಂದವ್ರೆ. ಕೂತ್ಕಂಡ್ ಹೋಗ್ಬ್ಯಾಡ ಅಂದಿಲ್ಲ" ಎಂದ.

ಬೇಡವೆಂದರೂ ಕೇಳಲಿಲ್ಲ. ತೋಳು ಊರಿ ಒಂದು ಮೆಟ್ಟಿಲು, ಉಸಿರು, ಮತ್ತೊಂದು ಮೆಟ್ಟಿಲು, ಹೀಗೆ ಕೂತುಕೊಂಡೇ ಮೇಲೆ ಬಂದ. ಕೊನೆಗೆ ನಾವಿಬ್ಬರೂ ಕಂಕುಳಿಗೆ ಕೈಹಾಕಿ ಎಳೆದುಕೊಂಡೆವು. ಬೆವತು ಹೋಗಿದ್ದ. ಕಾಯಿ ಚೀಲಕ್ಕೆ ಒರಗಿಸಿ ಕೂರಿಸಿದೆವು. ಕೂತಲ್ಲಿ ಅವನ ಕಣ್ಣು ಸರಿಯಾಗಿ ಕಂಬಿಯ ಮಟ್ಟಕ್ಕೆ ಬರುತ್ತಿತ್ತು. ನಾವು ನಿಂತು ಮೇಲಿನಿಂದ ನೋಡುತ್ತಿದ್ದೆವು. ಅವನು ಆ ಊರಿನೊಳಗೇ ಕೂತವನ ಹಾಗೆ ನೋಡಿದ.

ಮತ್ತೆ ಬಿಟ್ಟೆ. ತಿಪಟೂರಿನ ಕಡೆ ಇನ್ನೂ ಸುತ್ತು ಹಾಕಿಲ್ಲದ್ದರಿಂದ ಅಲ್ಲಿ ಎಂಜಿನ್ನನ್ನು ಕೈಯಿಂದ ಎತ್ತಿ ತಿರುಗಿಸಿ ಡಬ್ಬಿಗಳ ಇನ್ನೊಂದು ತುದಿಗೆ ಕೂಡಿಸಬೇಕು. ಅದನ್ನೂ ಅವನು ನಗದೆ ನೋಡಿದ. ರೈಲು ಹೋಗಿ, ಕೆರೆ ಸುತ್ತಿ, ಅವನ ಮುಖದ ನೇರಕ್ಕೆ ಬಂದಾಗ ತಲೆಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡ. ನನ್ನಾಕೆ ಬಾಯಿಗೆ ಸೆರಗು ಹಿಡಿದು ನಕ್ಕಳು.

"ನಗ್ಬ್ಯಾಡಿ ಅತ್ಗೆ" ಎಂದ ಅವನು. "ಅಷ್ಟ್ ದೊಡ್ಡದಾಗ್ ಬಂತು ಕಣ್ರೀ."

ಆಮೇಲೆ ಸ್ವಿಚ್ಚು ಹಿಡಿದಿದ್ದ ಅವಳ ಕೈಯನ್ನೇ ನೋಡುತ್ತಾ, ಅದರಿಂದ ಏನಾಗುತ್ತದೆಂದು ಕೇಳಿದ. ನನ್ನಾಕೆ ಉಲ್ಲನ್ನಿನ ಉಂಡೆಗಳನ್ನು ತೆಗೆದುಕೊಂಡು ಅವನ ಪಕ್ಕ ಕೂತು, ತಿಪಟೂರು ಸ್ಟೇಷನ್ನಿನಿಂದ ಮತ್ತೆ ಶುರು ಮಾಡಿದಳು.