ಕುರಿಗಾಹಿ ಮುತ್ಯಾ ಕಲಿಸಿದ ಲಿಂಗಪೂಜೆ

ಸೋಮವಾರ, ನವೆಂಬರ್ 17. ಬೆಳಿಗ್ಗೆ 6.40. ನಿಲಂಗಾ ಬಸ್‌ಸ್ಟ್ಯಾಂಡ್.

ಉಮರಗಾ ಬಸ್ಸಿಗೆ ಇನ್ನೂ ಮೂವತ್ತೈದು ನಿಮಿಷ ಇದೆ. ಯಾರೋ ಹಿರಿಯರೊಬ್ಬರು ನನ್ನ ಪಕ್ಕದ ಬೆಂಚಿನ ಮೇಲೆ ಕಂಬಳಿ ಇಟ್ಟು, "ಸ್ವಲ್ಪ ನೋಡ್ಕೋ ಯವ್ವಾ" ಎಂದು ಚಹಾ ಕುಡಿಯಲು ಹೋದರು. ಇಬ್ಬನಿಗೆ ನೆನೆದ ಕರಿ ಕಂಬಳಿ. ಉಣ್ಣೆ, ಕುರಿಹಾಲು, ಒಲೆಯ ಹೊಗೆ, ಅದರೊಳಗೆಲ್ಲೋ ಒಂದು ಚಿಟಿಕೆ ಅರಿಶಿನ... ಈ ವಾಸನೆಯನ್ನು ನಾನು ಮೂರು ವರ್ಷಗಳಿಂದ ಮೂಸಿರಲಿಲ್ಲ. ಬ್ಯಾಗಿನಿಂದ ಡೈರಿ ತೆಗೆದೆ. ಬಸ್ಸು ಬರುವುದರೊಳಗೆ ಎಷ್ಟಾಗುತ್ತದೋ ಅಷ್ಟು ಬರೆಯುತ್ತೇನೆ, ಉಳಿದದ್ದನ್ನು ಬಸ್ಸಿನಲ್ಲಿ.

ಮೂರು ವರ್ಷಗಳ ಹಿಂದಿನ ಜನವರಿ. ನಾನು ನಿಲಂಗಾದ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದೆ. ನಮ್ಮ ಮನೆ ಔರಾದ ಶಹಾಜನಿಯ ಹತ್ತಿರದ ಹಳ್ಳಿಯಲ್ಲಿ. ಅಪ್ಪನಿಗೆ ಎರಡು ದಿನ ಹೊಟ್ಟೆ ನೋವು. ಅಜವಾನ ಕಷಾಯದಲ್ಲೇ ಹೋಗುತ್ತದೆ ಎಂದು ಅವನು ಜೋಳದ ಹೊಲಕ್ಕೆ ನೀರು ಬಿಡುತ್ತಲೇ ಇದ್ದ. ಮೂರನೆಯ ದಿನ ಕಾಲುವೆಯ ಬದುವಿನ ಮೇಲೆ ಬಿದ್ದ. ಉದಗೀರದ ಆಸ್ಪತ್ರೆಗೆ ಒಯ್ದಾಗ, ಕರುಳು ತೂತಾಗಿದೆ, ಹೊಟ್ಟೆಯ ತುಂಬ ಕೀವು, ಈಗಲೇ ಆಪರೇಷನ್ ಆಗಬೇಕು ಎಂದರು. ಅವ್ವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನೂ ಎರಡು ಎಮ್ಮೆಗಳನ್ನೂ ಬಿಟ್ಟು ಬರುವಂತಿರಲಿಲ್ಲ. ದಿನ ಬಿಟ್ಟು ದಿನ ಬುತ್ತಿ ಕಟ್ಟಿಕೊಂಡು ಮಧ್ಯಾಹ್ನದ ಬಸ್ಸಿಗೆ ಬಂದು ಸಂಜೆಗೆ ತಿರುಗಿ ಹೋಗುತ್ತಿದ್ದಳು. ಹೀಗಾಗಿ ಆಸ್ಪತ್ರೆಯಲ್ಲಿ ಇದ್ದದ್ದು ಸುದ್ದಿ ತಿಳಿದು ಹಾಸ್ಟೆಲಿನಿಂದ ಓಡಿ ಬಂದ ನಾನೊಬ್ಬಳೇ.

ಥಿಯೇಟರಿನ ಬಾಗಿಲಲ್ಲಿ ನರ್ಸ್ ಅಪ್ಪನ ಕೊರಳಿಗೆ ಕೈ ತೋರಿಸಿ, ಮರಾಠಿಯಲ್ಲಿ "ಹೇ ಕಾಢಾ, ಬಾಬಾ" ಎಂದರು. ತೆಗೆಯಿರಿ ಎಂದು. ಅಪ್ಪನ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಅಪ್ಪ ಒಂದು ಕ್ಷಣ ಕಣ್ಣು ಮುಚ್ಚಿದ. ಆಮೇಲೆ ತಾನೇ ತೆಗೆದು, ಕಣ್ಣಿಗೊತ್ತಿಕೊಂಡು, ನನ್ನ ಕೊರಳಿಗೆ ಹಾಕಿದ.

"ಮೂವತ್ತೊಂದು ವರ್ಷ ಒಂದಿನ ತಪ್ಪಿಲ್ಲ ಯವ್ವಾ. ಹ್ಯಾಂಗೂ ನೀ ಹಾಸ್ಟೆಲಿನಾಗ ದಿನಾ ನಿಂದು ಮಾಡ್ಕೋತಿ. ನಾ ಏಳೋತನಕಾ ನಂದೂ ಮಾಡು."

"ಹೂಂ ಅಪ್ಪಾ" ಎಂದೆ. ಗಾಲಿ ಮಂಚ ಒಳಗೆ ಹೋಯಿತು.

ಇಲ್ಲಿ ಒಂದು ಲೆಕ್ಕ ಬರೆಯಲೇಬೇಕು. ನನ್ನ ಲಿಂಗ ಹಾಸ್ಟೆಲಿನ ಟ್ರಂಕಿನಲ್ಲಿ, ಚಳಿಗಾಲದ ಸ್ವೆಟರಿನ ಕೆಳಗೆ ಇತ್ತು. ಪ್ರತಿ ಭಾನುವಾರ ಅಪ್ಪ ಫೋನಿನಲ್ಲಿ, "ಆತೇನವ್ವ ಪೂಜಿ?" ಎಂದು ಕೇಳುತ್ತಿದ್ದ. "ಆತಪ್ಪ" ಎನ್ನುತ್ತಿದ್ದೆ. ಎರಡು ವರ್ಷದ ಭಾನುವಾರಗಳು. ಸುಮಾರು ನೂರು ಸುಳ್ಳು. ಪೂಜೆ ಮಾಡುವುದು ಹೇಗೆ ಎನ್ನುವುದೇ ನನಗೆ ಸರಿಯಾಗಿ ನೆನಪಿರಲಿಲ್ಲ. ಚಿಕ್ಕವಳಿದ್ದಾಗ ಅಪ್ಪನ ಬೆನ್ನ ಹಿಂದೆ ಕೂತು ನೋಡಿದ್ದೆ. ಬೆನ್ನು ನೆನಪಿತ್ತು, ಕೈ ನೆನಪಿರಲಿಲ್ಲ...

ಮರುದಿನ ಬೆಳಿಗ್ಗೆ ಆರು ಗಂಟೆಗೆ ಆಸ್ಪತ್ರೆಯ ಹಿಂದಿನ ನಲ್ಲಿಯಲ್ಲಿ ತಣ್ಣೀರು ಮೈಗೆ ಹಾಕಿಕೊಂಡು, ಬೇವಿನ ಮರದ ಕಟ್ಟೆಯ ಮೇಲೆ ಕರಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಫೋನಿನಲ್ಲಿ ಹುಡುಕಿದೆ. ಮೂರು ವಿಡಿಯೋ, ಮೂರು ರೀತಿ. ಮೂರನೆಯವರು ಗುರುವಿಲ್ಲದೆ ಕಲಿತರೆ ಫಲವಿಲ್ಲ ಎಂದು ಬೇರೆ ಹೇಳಿದರು. ಫೋನು ಮುಚ್ಚಿಟ್ಟೆ. ಅವ್ವನನ್ನು ಕೇಳಿದರೆ ನೂರು ಸುಳ್ಳೂ ಹೊರಬೀಳುತ್ತವೆ. ಒಳಗೆ ಅಪ್ಪ ಯಂತ್ರದ ಉಸಿರಿನಲ್ಲಿದ್ದಾನೆ. ಇಪ್ಪತ್ತು ನಿಮಿಷ ಹಾಗೆಯೇ ಕೂತಿದ್ದೆ.

"ಯಾಕ ಪೋರಿ, ದೇವ್ರನ್ನ ಡಬ್ಬ್ಯಾಗ ಹಾಕಿ ಕುಂತೀಯಲ್ಲ. ಅವಂಗ ಉಸರು ಕಟ್ಟಂಗಿಲ್ಲೇನು?"

ತಲೆಯೆತ್ತಿದೆ. ಹೆಗಲ ಮೇಲೆ ಕಂಬಳಿ, ಹಣೆಯ ತುಂಬ ಅರಿಶಿನದ ಭಂಡಾರ, ಕೈಯಲ್ಲಿ ನೀರಿನ ಚರಿಗೆ. ಹಿಂದಿನ ದಿನವೇ ನೋಡಿದ್ದೆ. ಅವರ ಹೆಂಡತಿಗೆ ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು. ಕೆಳಗಿನ ಹೆಂಗಸರ ವಾರ್ಡಿನಲ್ಲಿದ್ದರು. ಅವರ ಊರು ಮಾಕಣಿಯ ಕಡೆ. ಕುರಿ ಹಿಂಡಿನ ಸಂಗಡ ಉದಗೀರದ ತನಕ ಬಂದಾಗ ಹೀಗಾಗಿತ್ತು. ಎಲ್ಲರೂ ಅಜ್ಜ ಎಂಬ ಅರ್ಥದಲ್ಲಿ ಅವರನ್ನು ಮುತ್ಯಾ ಎನ್ನುತ್ತಿದ್ದರು, ನಾನೂ ಅಂದೆ.

ಗೊತ್ತಿಲ್ಲದವರ ಮುಂದೆ ನಿಜ ಹೇಳುವುದು ಸುಲಭ. ಎಲ್ಲ ಹೇಳಿಬಿಟ್ಟೆ. ಮುತ್ಯಾ ಚರಿಗೆ ಕೆಳಗಿಟ್ಟು, "ಇಷ್ಟ ಏನು? ನಾ ಕಲಸ್ತೀನಿ ತಗೋ" ಎಂದರು.

"ನೀವು? ನಿಮಗ ಹ್ಯಾಂಗ ಗೊತ್ತು ಮುತ್ಯಾ?"

"ನಮ್ಮ ಕುರುಬರ ದೇವ್ರು ಬೀರಪ್ಪ, ನಾ ಅವನ ಮಗ ಖರೆ. ಆದ್ರ ಕಣ್ಣು ಎಲ್ಲಾ ದೇವ್ರು ನೋಡ್ತಾವಲ್ಲ! ನಮ್ಮ ಕಡೀ ಒಬ್ಬ ಹೊಲದ ಧಣಿ ಇದ್ದ. ನಿಮ್ಮವನೇ. ಹನ್ನೆರಡು ಚಳಿಗಾಲ ಅವನ ಬೀಳು ಹೊಲದಾಗ ಗೊಬ್ಬರಕ್ಕ ರಾತ್ರಿಯೆಲ್ಲಾ ಕುರಿ ತರುಬಿ ನಿಲ್ಸೀನಿ. ಅಂವಾ ದಿನಾ ಮುಂಜಾನೆ ಬಾವಿ ಕಟ್ಟಿ ಮ್ಯಾಲ ಕುಂತು ಪೂಜಿ ಮಾಡಾಂವ. ನಾ ಬೆಂಕಿ ಕಾಸ್ಕೋತ ನೋಡಾಂವ. ಒಂದಕ್ಷರ ಬಿಟ್ಟಿಲ್ಲ."

ಮುತ್ಯಾ ನನ್ನಿಂದ ಎರಡು ಮಾರು ದೂರ ಕೂತರು. ಲಿಂಗವನ್ನು ಮುಟ್ಟಲಿಲ್ಲ, ಹತ್ತಿರವೂ ಬರಲಿಲ್ಲ. ನೆಲದಿಂದ ಒಂದು ದುಂಡು ಹರಳು ಹುಡುಕಿ, ಚರಿಗೆಯ ನೀರಿನಲ್ಲಿ ತೊಳೆದು, ತಮ್ಮ ಎಡ ಅಂಗೈಯಲ್ಲಿ ಇಟ್ಟುಕೊಂಡರು. ಅವರು ಹರಳಿಗೆ ಮಾಡಿದ್ದನ್ನು ನಾನು ಲಿಂಗಕ್ಕೆ ಮಾಡಬೇಕು.

"ಎಡಗೈ, ಎಡಗೈ! ಬಲಗೈ ಉಣ್ಣಾಕ ಇಟ್ಕೋ. ಹಾಂ. ನೀರು ಸಣ್ಣಗ ಬಿಡು, ಎಮ್ಮಿ ಮೈ ತೊಳ್ಯಾಕ ಹತ್ತೀಯೇನು? ಒರಸು. ಈಗ ವಿಭೂತಿ. ಪತ್ರಿ ಇಲ್ಲೇನು? ಬೇವಿನ ಎಲಿ ಇಡು, ಶಿವಗ ಕಹಿ ಹೊಸದಲ್ಲ. ಈಗ ನೋಡು. ಸುಮ್ನ ನೋಡಬ್ಯಾಡ. ಕುರಿಮರಿ ಹುಟ್ಟಿದ ಕೂಡ್ಲೆ ಉಸರಾಡ್ತದೋ ಇಲ್ಲೋ ಅಂತ ನೋಡ್ತೀವಲ್ಲ, ಹಂಗ ನೋಡು."

ಹಾಗೆ ನೋಡಿದೆ. ಇಷ್ಟು ವರ್ಷಗಳಲ್ಲಿ ಯಾವುದನ್ನೂ ಹಾಗೆ ನೋಡಿರಲಿಲ್ಲ. ಬಾಯಲ್ಲಿ ನಮಃ ಶಿವಾಯ ತಾನೇ ಬಂತು.

"ಈಗ ಕೊನೀದು" ಎಂದರು ಮುತ್ಯಾ. "ಹೊಲದ ಕಡೀ ಮುಖ ತಿರುವು. ಬಲಗೈಲೆ ತೊಡಿ ಮ್ಯಾಲ ಮೂರು ಏಟು ಹೊಡಿ. ಜೋರ್‌ಲೆ! ಮತ್ತ ಮೂರು ಸಲ 'ಹೋ' ಅನ್ನು. ಗಂಟಲಾಗಿಂದಲ್ಲ, ಹೊಟ್ಟ್ಯಾಗಿಂದ."

ಇದು ಯಾವ ವಿಡಿಯೋದಲ್ಲೂ ಇರಲಿಲ್ಲ. ಆದರೆ ಹನ್ನೆರಡು ಚಳಿಗಾಲ ನೋಡಿದವರು ಹೇಳುತ್ತಿದ್ದಾರೆ. ಹೊಲ ಇಲ್ಲದ್ದರಿಂದ ಪಾರ್ಕಿಂಗಿನ ಕಡೆ ಮುಖ ಮಾಡಿ, ಮೂರು ಏಟು ಹೊಡೆದು, "ಹೋ! ಹೋ! ಹೋ!" ಎಂದೆ. ಕಾವಲುಗಾರ ಓಡಿ ಬಂದು, "ತಾಈ, ಹಳೂ! ಪೇಶಂಟ್ ಝೋಪಲೇತ" ಎಂದ. ಮೆಲ್ಲಗೆ, ರೋಗಿಗಳು ಮಲಗಿದ್ದಾರೆ ಎಂದು. ಮುತ್ಯಾ ಅವನಿಗೆ, "ಪೂಜಾ ಆಹೇ, ಪೂಜಾ" ಎಂದು ಗದರಿಸಿ ಕಳಿಸಿದರು.

ಇದೇ ಡೈರಿಯ ಆ ದಿನದ ಪುಟದಲ್ಲಿ, ನಾನು ಬರೆದಿಡುತ್ತಿದ್ದ ಜ್ವರ, ಸಲಾಯಿನ್ ಬಾಟಲಿ, ಮೂತ್ರದ ಅಳತೆಗಳ ಪಕ್ಕದಲ್ಲಿ ಹೊಸದೊಂದು ಸಾಲು ಎಳೆದೆ. "ಪೂಜೆ: 6.55, ಆಯಿತು." ಹತ್ತು ಗಂಟೆಗೆ ಐಸಿಯುದೊಳಗೆ ಬಿಟ್ಟರು. ಅಪ್ಪನ ಕಿವಿಯ ಹತ್ತಿರ ಬಾಗಿ, "ಅಪ್ಪಾ, ಪೂಜಿ ಆತು" ಎಂದೆ. ಮೊದಲ ಸಲ ನಿಜ ಹೇಳಿದ್ದೆ, ಅವನಿಗೆ ಕೇಳಿಸುತ್ತಿರಲಿಲ್ಲ...

ಎರಡನೆಯ ದಿನ, ಮೂರನೆಯ ದಿನ ಹೀಗೇ ನಡೆಯಿತು. ನನ್ನ ಪೂಜೆ ಮುಗಿದ ಮೇಲೆ ಮುತ್ಯಾ ಹೆಂಡತಿಯ ಬಳಿ ಹೋಗಿ ಹಣೆಗೆ ಭಂಡಾರ ಹಚ್ಚಿ, ಕುರಿಗಳ ಹೆಸರು ಒಂದೊಂದಾಗಿ ಹೇಳಿ, ಯಾವುದು ಈದಿದೆ, ಯಾವುದು ಕುಂಟುತ್ತಿದೆ ಎಂದು ವರದಿ ಒಪ್ಪಿಸುತ್ತಿದ್ದರು. ಕುರಿಗಳು ಮಗನ ಹತ್ತಿರ ಎಲ್ಲೋ ದೂರದಲ್ಲಿದ್ದವು. "ಇಲ್ಲಿ ಕುಂತು ನಿಮಗ ಹ್ಯಾಂಗ ಗೊತ್ತಾಗ್ತದ?" ಎಂದು ಕೇಳಿದೆ. "ಗೊತ್ತಾಗಂಗಿಲ್ಲ. ನಾ ತಪ್ಪು ಹೇಳಿದ್ರ ಆಕಿ ಎದ್ದು ಬೈತಾಳ. ಅದಕ್ಕ ಹೇಳ್ತೀನಿ" ಎಂದರು.

ನಾಲ್ಕನೆಯ ದಿನ ಅಪ್ಪನ ಬಿ.ಪಿ. ಇಳಿಯಿತು. ಇವತ್ತು ಏನೂ ಹೇಳಲಾಗದು ಎಂದರು ಡಾಕ್ಟರು. ಬೆಳಿಗ್ಗೆ ನಾನು ಕಟ್ಟೆಗೆ ಹೋಗಲಿಲ್ಲ. ಐಸಿಯುದ ಬಾಗಿಲ ಬುಡದಲ್ಲಿ ಕೂತಿದ್ದೆ. ಮುತ್ಯಾ ಮೆಟ್ಟಿಲು ಹತ್ತಿ ಬಂದರು, ಏದುಸಿರು ಬಿಡುತ್ತ.

"ನಾ ಸುಳ್ಳು ಹೇಳಿದ್ದಕ್ಕ ಹಿಂಗಾಗ್ಲಿಕತ್ತದೇನು ಮುತ್ಯಾ?"

"ನಿನ್ನ ಸುಳ್ಳಿಗಿ ನಿಮ್ಮಪ್ಪನ ಕರುಳು ಯಾಕ ತೂತ ಆಗ್ತದ? ಅಷ್ಟೂ ಲೆಕ್ಕ ಬರಂಗಿಲ್ಲೇನು ದೇವ್ರಿಗಿ? ಪರೀಕ್ಷಾದಾಗ ತಪ್ಪು ಬರದಾಕಿ ನೀ, ಫೇಲ್ ಆದಾಂವ ಅಂವಾ ಅಂದಂಗಾತು. ಏಳು. ನಿಮ್ಮಪ್ಪ ಲಿಂಗ ಕೊಟ್ಟಾನ, ಅಳಾಕ ಹೇಳಿಲ್ಲ."

ಎದ್ದೆ. ಅಂದಿನ ಪೂಜೆ 7.50ಕ್ಕೆ. ತಡವಾಗಿದೆ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಕೊನೆಯ "ಹೋ" ಎಷ್ಟು ಜೋರಾಗಿತ್ತೆಂದರೆ ನೀರಿನ ಟಾಕಿಯ ಮೇಲಿನ ಪಾರಿವಾಳಗಳೆಲ್ಲ ಭರ್ರೆಂದು ಎದ್ದವು. ಮುತ್ಯಾ ಅವುಗಳನ್ನೇ ನೋಡಿ, "ಹಾಂ, ಸುದ್ದಿ ಒಯ್ದಾವ ನೋಡು" ಎಂದರು. ಸಂಜೆಗೆ ಬಿ.ಪಿ. ಏರಿತು. ಐದನೆಯ ದಿನ ಯಂತ್ರ ತೆಗೆದರು. ಆರನೆಯ ದಿನ ಮುತ್ಯಾನ ಹೆಂಡತಿ ಬಲಗೈಯ ಹೆಬ್ಬೆರಳು ಅಲ್ಲಾಡಿಸಿದರು. ಮುತ್ಯಾ ಇಡೀ ವಾರ್ಡಿಗೆ ಚಹಾ ಕುಡಿಸಿದರು. ಹದಿನೇಳು ಕಪ್.

ಒಂಬತ್ತನೆಯ ದಿನ ಅಪ್ಪನನ್ನು ಸಾದಾ ವಾರ್ಡಿಗೆ ತಂದರು. ಮರುದಿನ ಬೆಳಿಗ್ಗೆ ಅವನ ಮಂಚದ ಬುಡದಲ್ಲೇ ಚಾಪೆ ಹಾಸಿ ಕೂತೆ. ಅಪ್ಪ ದಿಂಬಿಗೆ ಒರಗಿ ನೋಡುತ್ತಿದ್ದ. ಎಡಗೈ, ಸಣ್ಣ ನೀರು, ವಿಭೂತಿ, ಆ ನೋಟ. ಅಪ್ಪನ ಕಣ್ಣು ತುಂಬಿ ಬಂದದ್ದು ಓರೆಗಣ್ಣಿಗೆ ಕಂಡಿತು. ನನಗೆ ಹೆಮ್ಮೆಯಾಯಿತು. ಆಮೇಲೆ ಕಿಟಕಿಯ ಕಡೆ ತಿರುಗಿ, ತೊಡೆಯ ಮೇಲೆ ಮೂರು ಏಟು ಹೊಡೆದು, ಹೊಟ್ಟೆಯೊಳಗಿಂದ "ಹೋ! ಹೋ! ಹೋ!" ಎಂದೆ.

ಅಪ್ಪ ಬೆಚ್ಚಿಬಿದ್ದ. ನನ್ನನ್ನು ನೋಡಿದ. ಕಿಟಕಿ ನೋಡಿದ. ಆಮೇಲೆ ಎರಡೂ ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದುಕೊಂಡು ನಗಲು ಶುರು ಮಾಡಿದ. "ಯವ್ವಾ... ಬ್ಯಾಡ... ಹೊಲಗಿ ಬಿಚ್ಚತಾವ... ಇದನ್ನ ಯಾರು ಕಲಿಸಿದ್ರು?"

ಕೆಳಗಿನ ವಾರ್ಡಿನ ಕುರಿಗಾಹಿ ಮುತ್ಯಾ, ಬಾವಿಯ ಕಟ್ಟೆ, ಹೊಲದ ಧಣಿ, ಚಳಿಗಾಲ ಎಂದೆ. ಅಪ್ಪ ಕಣ್ಣು ಒರೆಸಿಕೊಂಡ.

"ಚಳಿಗಾಲದಾಗ ಜೋಳ ಹಾಲುತೆನಿ ಇರ್ತದ. ಗಿಳಿ ಬರ್ತಾವ. ಅಂವಗ ಒಂದು ಕೈಯಾಗ ಲಿಂಗ, ಕವಣಿ ಬೀಸಾಕ ಬರಂಗಿಲ್ಲ. ತೊಡಿ ಬಡದು ಹೋ ಅಂದಾನ. ನೀ ಒಂಬತ್ತು ದಿನ ಈ ಆಸ್ಪತ್ರ್ಯಾಗಿನ ಗಿಳಿ ಓಡ್ಸೀದಿ!"

ಪಕ್ಕದ ಮಂಚದವರೂ ನಕ್ಕರು. ನಗು ಇಳಿದ ಮೇಲೆ ಅಪ್ಪ ನನ್ನ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದ, "ಯಾಕವ್ವ, ಹಾಸ್ಟೆಲಿನಾಗೂ ಭಾಳ ಗಿಳಿ ಅದಾವೇನು?"

ಅವನಿಗೆ ತಿಳಿದುಹೋಗಿತ್ತು. ನೂರು ಭಾನುವಾರಗಳನ್ನೂ ಅಲ್ಲೇ ಒಪ್ಪಿಕೊಂಡೆ. ಅಪ್ಪ, "ಕರಿ ಆ ಮುತ್ಯಾನ್ನ" ಎಂದ.

ಬೈಯುತ್ತಾನೆ ಎಂದುಕೊಂಡೇ ಕರೆತಂದೆ. ಗಿಳಿಯ ವಿಷಯ ಕೇಳಿ ಮುತ್ಯಾನ ಮುಖ ಒಮ್ಮೆ ಸಣ್ಣದಾಯಿತು. ಆದರೆ ಸೋಲುವವರಲ್ಲ.

"ಇಲ್ರೀ ಧಣಿ. ಸುಗ್ಗಿ ಮುಗದು ಹೊಲ ಖಾಲಿ ಆದ ಮ್ಯಾಲೂ ನೋಡೀನಿ. ಒಂದು ಗಿಳಿ ಇಲ್ಲ, ಒಂದು ತೆನಿ ಇಲ್ಲ. ಆದ್ರೂ ಬಡೀತಿದ್ದ. ಹೋ ಅಂತಿದ್ದ."

ಅಪ್ಪ ಯೋಚಿಸಿದ. "ತೆನಿ ಇಲ್ದಾಗೂ?"

"ಬೀರಪ್ಪನ ಆಣಿ."

"ಹಂಗಾರ ಅದು ಪೂಜೀನೇ ಬಿಡು" ಎಂದ ಅಪ್ಪ. ಮುತ್ಯಾ ಸೊಂಟದ ಚೀಲದಿಂದ ಒಂದು ಚಿಟಿಕೆ ಭಂಡಾರ ತೆಗೆದು, ಕೊಡಲೋ ಬೇಡವೋ ಎಂದು ಕೈ ತಡೆದು ನಿಂತರು. ಅಪ್ಪ ತಾನೇ ವಿಭೂತಿಯ ಹಣೆ ಮುಂದೆ ಮಾಡಿದ.

ಎರಡು ದಿನದ ಮೇಲೆ ನಾನು ಔಷಧಿ ಅಂಗಡಿಯಿಂದ ಬರುವಷ್ಟರಲ್ಲಿ ಕೆಳಗಿನ ವಾರ್ಡಿನ ಆ ಮಂಚ ಖಾಲಿಯಾಗಿತ್ತು. ಮಗ ಟೆಂಪೋ ತಂದು ಇಬ್ಬರನ್ನೂ ಕರೆದೊಯ್ದನಂತೆ. ಮೆಟ್ಟಿಲು ಹತ್ತಿ ಬಂದು ಹೇಳಿಹೋಗಬೇಕೆಂದು ಮುತ್ಯಾ ಹಟ ಹಿಡಿದಿದ್ದರಂತೆ, ಟೆಂಪೋದವನು ಬಿಡಲಿಲ್ಲವಂತೆ...

ಕಂಬಳಿಯನ್ನು ಆ ಹಿರಿಯರಿಗೆ ಒಪ್ಪಿಸಿ ಬಸ್ಸು ಹತ್ತಿದೆ. ಆ ಹನ್ನೆರಡು ದಿನಗಳ ಪುಟಗಳನ್ನು ಈಗ ಬಸ್ಸಿನಲ್ಲಿ ತಿರುವಿ ನೋಡುತ್ತಿದ್ದೇನೆ. ಸಲಾಯಿನ್ ಬಾಟಲಿ ನಲವತ್ತಾರು. ಎಕ್ಸ್‌ರೇ ಮೂರು. ಅವ್ವ ತಂದ ರೊಟ್ಟಿ ಎಷ್ಟು ಎಂಬುದೂ ಇದೆ. ಮುತ್ಯಾನ ಹೆಸರು ಎಲ್ಲೂ ಇಲ್ಲ. ಕೇಳಲೇ ಇಲ್ಲ. ಮುತ್ಯಾ ಎಂದರೆ ಸಾಕಾಗಿತ್ತು.

ಅಪ್ಪ ಈಗ ಮೊದಲಿನಂತೆ ಹೊಲಕ್ಕೆ ಹೋಗುತ್ತಾನೆ, ಖಾರ ಮಾತ್ರ ಬಿಟ್ಟಿದ್ದಾನೆ. ನನ್ನ ಲಿಂಗ ಟ್ರಂಕಿನಿಂದ ಕೊರಳಿಗೆ ಬಂದಿದೆ. ಈ ವರ್ಷ ಇಲ್ಲಿಯವರೆಗೆ ಪೂಜೆ ತಪ್ಪಿದ್ದು ಇಪ್ಪತ್ತಾರು ದಿನ. ಭಾನುವಾರ ಅಪ್ಪನಿಗೆ ತಪ್ಪಿದ ದಿನಗಳನ್ನೇ ಮೊದಲು ಹೇಳುತ್ತೇನೆ.

ಕಳೆದ ವರ್ಷ ಅಪ್ಪ ನಾನು ಇಬ್ಬರೂ ಮಾಕಣಿಗೆ ಹೋಗಿದ್ದೆವು. ಅಲ್ಲಿನ ಅಣೆಕಟ್ಟಿನ ಸುತ್ತಲಿನ ಮೂರು ಹಳ್ಳಿ ಸುತ್ತಿದೆವು. ಕುರಿಗಳು ಹೊರಗೆ ಹೋದ ಕಾಲ, ಮನೆಗಳಲ್ಲಿ ಹೆಚ್ಚು ಜನರಿರಲಿಲ್ಲ. ಒಬ್ಬರು, ಅಂಥ ಮುತ್ಯಾ ಬೇಸಿಗೆಯಲ್ಲಿ ತೀರಿಕೊಂಡರು ಎಂದರು. ಇನ್ನೊಬ್ಬರು, ಛೇ, ಸತ್ತದ್ದು ಅವನ ಅಣ್ಣ ಎಂದರು. ಎರಡನೆಯವರ ಮಾತೇ ನಿಜವೆಂದು ನಾವಿಬ್ಬರೂ ಇಟ್ಟುಕೊಂಡಿದ್ದೇವೆ. ಆದರೆ ನನಗೆ ಒಳಗೊಳಗೆ ಗೊತ್ತಿದೆ, ಅವರಿಗೆ ಆಗಲೇ ಎಪ್ಪತ್ತು ದಾಟಿತ್ತು...

ಉಮರಗಾ ಬಂತು. ಇವತ್ತು ಬರೆದ ಈ ಪುಟಗಳನ್ನು ಪತ್ರಿಕೆಗೆ ಕಳಿಸುತ್ತೇನೆ. ಓದುವವರಲ್ಲಿ ಮಾಕಣಿ, ಲೋಹಾರಾ ಕಡೆಯವರು ಯಾರಾದರೂ ಇದ್ದರೆ, ಲಕ್ವಾ ಹೊಡೆದಿದ್ದ ಹೆಂಡತಿಯಿರುವ, ಮಾತಿಗೊಮ್ಮೆ ಬೀರಪ್ಪನ ಆಣೆ ಹಾಕುವ ಕುರಿಗಾಹಿ ಮುತ್ಯಾನನ್ನು ಬಲ್ಲವರಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಎರಡು ಸಾಲು ಬರೆಯಿರಿ. ಅವರ ಹೆಸರೇನು? ಆ ಅಜ್ಜಿ ಈಗ ನಡೆಯುತ್ತಾರೆಯೇ, ಕುರಿಗಳ ಹೆಸರು ತಪ್ಪಾದರೆ ಬೈಯುತ್ತಾರೆಯೇ? ಮುತ್ಯಾ ಹೋಗಿಬಿಟ್ಟಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ. ಅಪ್ಪನಿಗೆ ನಾನೇ ಹೇಳುತ್ತೇನೆ.